ಪಂಡಾರದ ನೆಲ, ಪ್ರವಾಸಿಯ ಕಡಲು

ಮಂಗಳೂರಿನ ಹಳೆ ಬಂದರಿಗೆ ನಾನು ಮೊದಲ ಸಲ ಹೋದದ್ದು ಒಂದು ಕಥೆಗೆ ವಿವರ ಹುಡುಕಿಕೊಂಡು. ಆ ಕಥೆ ಇವತ್ತಿಗೂ ಪೂರ್ತಿಯಾಗಿಲ್ಲ. ಬಯಲುಸೀಮೆಯಲ್ಲಿ ಹುಟ್ಟಿ, ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಆಮೇಲೆ ಕನ್ನಡ ಶಾಲೆಗೆ ಸೇರಿದ ನನಗೆ ಸಮುದ್ರವೆಂದರೆ ಭೂಗೋಳದ ಪುಸ್ತಕದ ನೀಲಿ ಬಣ್ಣ. ದ್ವೀಪವೆಂದರೆ 'ಜಝೀರಾ' ಎಂಬ ಒಂದು ಪದ, ಅದರ ಮುಂದೆ ಮೇಷ್ಟ್ರು ಬರೆಸಿದ ಒಂದು ಸಾಲಿನ ವ್ಯಾಖ್ಯೆ. ಬಂದರಿನಲ್ಲಿ ಮರದ ಮಂಜಿಯೊಂದಕ್ಕೆ ಸಿಮೆಂಟು, ಈರುಳ್ಳಿ, ಕಬ್ಬಿಣದ ಸರಳು ಏರಿಸುತ್ತಿದ್ದರು. ಎಲ್ಲಿಗೆ ಎಂದು ಕೇಳಿದೆ. ಲಕ್ಷದ್ವೀಪಕ್ಕೆ ಎಂದರು. ಗೋದಾಮಿನ ನೆರಳಲ್ಲಿ ಕುಳಿತಿದ್ದ ವಯಸ್ಸಾದ ಹಮಾಲರೊಬ್ಬರು, "ಹಿಂದೆ ಅವರು ಹುರಿ ತರುತ್ತಿದ್ದರು, ಅಕ್ಕಿ ಒಯ್ಯುತ್ತಿದ್ದರು. ಈಗ ತರುವುದು ಕಡಿಮೆ, ಒಯ್ಯುವುದೇ ಜಾಸ್ತಿ" ಎಂದರು. ಅವರು ಹಾಗೆ ಹೇಳುವಾಗ ಅದರಲ್ಲಿ ದೂರೇನೂ ಇರಲಿಲ್ಲ. ಲೆಕ್ಕ ಹೇಳಿದಂತಿತ್ತು.

ಆ ಮಾತು ನನಗೆ ಮತ್ತೆ ನೆನಪಾದದ್ದು 2024ರ ಜನವರಿಯಲ್ಲಿ. ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದರು. ಬಿಳಿ ಮರಳಿನ ಮೇಲೆ ಕುಳಿತ, ನೀರಿನೊಳಗೆ ಈಜಿದ ಚಿತ್ರಗಳು ದೇಶವೆಲ್ಲ ಹರಡಿದವು. ಮಾಲ್ದೀವ್ಸ್‌ನ ಮೂವರು ಉಪಸಚಿವರು ನಾಲಿಗೆ ಹರಿಯಬಿಟ್ಟು ಅಮಾನತಾದರು. ಇಲ್ಲಿ 'ಮಾಲ್ದೀವ್ಸ್ ಬಿಡಿ, ಲಕ್ಷದ್ವೀಪಕ್ಕೆ ನಡೆಯಿರಿ' ಎಂಬ ಅಭಿಯಾನ ಶುರುವಾಯಿತು. ನಮ್ಮ ಬಳಗದ ಹುಡುಗನೊಬ್ಬ ಫೋನು ಮಾಡಿ, "ಅಲ್ಲಿ ಎಲ್ಲರೂ ನಮ್ಮವರೇ ಅಂತಲ್ಲ ಮಾಮೂ, ರೂಮು ಕಡಿಮೆಗೆ ಸಿಗಬಹುದಾ?" ಎಂದು ಕೇಳಿದ. ಟಿ.ವಿ.ಯವರು ದಿನವಿಡೀ ತೋರಿಸಿದ ಆ ದೃಶ್ಯಗಳಲ್ಲಿ ನೀರಿತ್ತು, ಮರಳಿತ್ತು, ತೆಂಗಿನ ಮರಗಳಿದ್ದವು. ಆ ತೆಂಗನ್ನು ನೆಟ್ಟವರು, ಆ ನೀರಿನಲ್ಲಿ ದುಡಿಯುವವರು ಬಹುಮಟ್ಟಿಗೆ ಇರಲಿಲ್ಲ.

ಲಕ್ಷದ್ವೀಪ ನಮಗೆ ಅಷ್ಟು ದೂರದ ಊರೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ಐದು ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಮಿನದೀವಿ ಎಂದು ಅವನ್ನು ಕರೆಯುತ್ತಿದ್ದರು. ಮಂಗಳೂರಿನ ಕಲೆಕ್ಟರರೇ ಅವಕ್ಕೆ ದೊರೆ. ಅಮಿನಿಯಲ್ಲಿ ಕುಳಿತ ಮೊನೆಗಾರನೆಂಬ ಅಧಿಕಾರಿ ಇವರಿಗೆ ವರದಿ ಒಪ್ಪಿಸಬೇಕಿತ್ತು. ಇಂದು ಪ್ರವಾಸೋದ್ಯಮದ ನಕ್ಷೆಗಳಲ್ಲಿ ಮೇಲಿಂದ ಮೇಲೆ ಕಾಣುವ ಕಡಮತ್ ಒಂದು ಕಾಲಕ್ಕೆ ನಮ್ಮದೇ ಜಿಲ್ಲೆಯ ಒಂದು ಊರು ಎಂಬುದನ್ನು ಮಂಗಳೂರಿನ ಎಷ್ಟು ಜನ ಬಲ್ಲರೋ ಕಾಣೆ.

ಈ ದ್ವೀಪಗಳನ್ನು ಹೊರಗಿನವರು ಗುರುತಿಸಿದ್ದು ಚೆಲುವಿನಿಂದ ಅಲ್ಲ, ಅಲ್ಲಿನ ದುಡಿಮೆಯಿಂದ. ಹನ್ನೊಂದನೇ ಶತಮಾನದ ವಿದ್ವಾಂಸ ಅಲ್‌ಬಿರೂನಿ ಈ ಕಡಲಿನ ದ್ವೀಪಗಳನ್ನು ಎರಡಾಗಿ ವಿಂಗಡಿಸುತ್ತಾನೆ. ಕವಡೆಯ ದ್ವೀಪಗಳು ಒಂದು, ತೆಂಗಿನ ನಾರಿನ ದ್ವೀಪಗಳು ಇನ್ನೊಂದು. 1343ರ ಸುಮಾರಿಗೆ ಮಾಲ್ದೀವ್ಸ್‌ನಲ್ಲಿ ಕಾಜಿಯಾಗಿದ್ದ ಇಬ್ನ್ ಬತೂತಾ ಅಲ್ಲಿನ ನಾರಿನ ಹುರಿಯಿಂದ ಹಿಂದೂಸ್ತಾನದ, ಯಮನಿನ ಹಡಗುಗಳನ್ನು ಹೊಲಿಯುತ್ತಿದ್ದರೆಂದು ಬರೆದಿದ್ದಾನೆ. ಕಬ್ಬಿಣದ ಮೊಳೆ ಹೊಡೆಯದೆ ಹಲಗೆಗೆ ಹಲಗೆ ಹೊಲಿದ ಹಡಗುಗಳು ಅವು. ಅರಬ್ಬೀ ಸಮುದ್ರದ ವ್ಯಾಪಾರವೆಲ್ಲ ಒಂದು ಅರ್ಥದಲ್ಲಿ ದ್ವೀಪಗಳ ಹೆಂಗಸರು ಹೊಸೆದ ಹುರಿಯ ಮೇಲೆ ನಿಂತಿತ್ತು.

ಹೆಂಗಸರು ಎಂದು ಬೇಕೆಂದೇ ಬರೆದೆ. ತೆಂಗಿನ ಸಿಪ್ಪೆಯನ್ನು ದಂಡೆಯ ಮರಳಿನಲ್ಲಿ ಹೂತು, ಮೇಲೆ ಕಲ್ಲು ಹೇರಿ, ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ನೆನೆಸಬೇಕು. ಆಮೇಲೆ ತೆಗೆದು ಬಡಿದು, ತೊಳೆದು, ಒಣಗಿಸಿ, ಅಂಗೈಯಲ್ಲಿ ಹೊಸೆದು ಹುರಿ ಮಾಡಬೇಕು. ಇದೆಲ್ಲ ಹೆಂಗಸರ ಕೆಲಸ. ಗಂಡಸರು ಆ ಹುರಿಯನ್ನು 'ಓಡಂ' ಎಂಬ ಹಾಯಿದೋಣಿಗೆ ತುಂಬಿ, ಮಳೆಗಾಲ ಮುಗಿದ ಮೇಲೆ ಮಂಗಳೂರಿಗೋ ಕಣ್ಣೂರಿಗೋ ಕಲ್ಲಿಕೋಟೆಗೋ ತಂದು, ಅಕ್ಕಿ, ಬಟ್ಟೆ, ಹೊಗೆಸೊಪ್ಪು ಒಯ್ಯುತ್ತಿದ್ದರು. ಹವಳದ ಪುಡಿಯೇ ಮಣ್ಣಾಗಿರುವ ಆ ನೆಲದಲ್ಲಿ ಭತ್ತ ಬೆಳೆಯುವುದಿಲ್ಲ. ಹುರಿ ಹೋಗದಿದ್ದರೆ ಅಕ್ಕಿ ಬರುವುದಿಲ್ಲ. ಬದುಕಿನ ಲೆಕ್ಕ ಇಷ್ಟೇ.

ಇದನ್ನು ಅರಿತವರೆಲ್ಲ ಹುರಿಯ ಮೇಲೆಯೇ ಕೈಯಿಟ್ಟರು. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಹಡಗುಗಳಿಗೆ ಹುರಿ ಬೇಕೆಂದು ಅಮಿನಿಗೆ ಬಂದು ಕೋಟೆ ಕಟ್ಟಿದರು. ಅವರಿಗೆ ವಿಷವುಣಿಸಿ ಕೊಂದೆವೆಂಬುದು ದ್ವೀಪದವರ ಐತಿಹ್ಯ. ಆಮೇಲೆ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಗೆ ಬಂದವು. ಅರಕ್ಕಲ್ ದೊರೆಗಳೂ ಮುಸ್ಲಿಮರು, ದ್ವೀಪದವರೂ ಮುಸ್ಲಿಮರು. ಆದರೆ ಹದಿನೆಂಟನೇ ಶತಮಾನದ ನಡುವಿನಲ್ಲಿ ಹುರಿಯೆಲ್ಲ ಕಣ್ಣೂರಿನ ಉಗ್ರಾಣಕ್ಕೇ ಬರಬೇಕು, ನಾವು ಹೇಳಿದ ಬೆಲೆಗೇ ಕೊಡಬೇಕು ಎಂಬ ಏಕಸ್ವಾಮ್ಯ ಜಾರಿಗೆ ಬಂದಾಗ ಈ ಸಮಾನಧರ್ಮ ಯಾವ ಪ್ರಯೋಜನಕ್ಕೂ ಬರಲಿಲ್ಲ. 'ಎಲ್ಲರೂ ನಮ್ಮವರೇ' ಎಂದ ನಮ್ಮ ಹುಡುಗನಿಗೆ ಇದನ್ನು ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

1780ರ ದಶಕದಲ್ಲಿ ಅಮಿನಿಯವರು ಕಣ್ಣೂರಿನ ವಿರುದ್ಧ ಎದ್ದು, ದೋಣಿ ಹತ್ತಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಆಗ ಮಂಗಳೂರು ಟಿಪ್ಪುವಿನದು. ಉತ್ತರದ ದ್ವೀಪಗಳು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಉಳಿದ ನಾಡಿನ ಜೊತೆಗೆ ಈ ದ್ವೀಪಗಳೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಅವು ಮಂಗಳೂರಿನ ಆಡಳಿತಕ್ಕೆ ಬಂದದ್ದು ಹೀಗೆ. ಕಂಪನಿ ಬಂದ ಮೇಲೆ ಏಕಸ್ವಾಮ್ಯ ಹೋಯಿತೇ ಎಂದರೆ, ಇಲ್ಲ. ಉಗ್ರಾಣ ಕಣ್ಣೂರಿನಿಂದ ಮಂಗಳೂರಿಗೆ ಬಂತು. ಹುರಿಯನ್ನು ಸರ್ಕಾರಕ್ಕೇ ಒಪ್ಪಿಸಬೇಕು, ನಿಗದಿಯಾದ ದರದಲ್ಲಿ ಒಂದಷ್ಟು ಅಕ್ಕಿ ಒಂದಷ್ಟು ಹಣ ಪಡೆದು ಹೋಗಬೇಕು. ತೂಗುವ ತಕ್ಕಡಿ ನಮ್ಮೂರಿನದು, ದರ ಬರೆಯುವ ಗುಮಾಸ್ತನೂ ನಮ್ಮೂರಿನವನು. ಕರಾವಳಿಯ ಚರಿತ್ರೆ ಬರೆಯುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ.

ದಕ್ಷಿಣದ ದ್ವೀಪಗಳ ಕಥೆ ಬೇರೆ. ಅಂದ್ರೋತ್, ಕಲ್ಪೇನಿ, ಕವರತ್ತಿ, ಅಗತ್ತಿ, ಮಿನಿಕಾಯ್ ಅರಕ್ಕಲ್ ಬೀಬಿಯ ಕೈಯಲ್ಲೇ ಉಳಿದವು. 1847ರಲ್ಲಿ ಭಾರೀ ಚಂಡಮಾರುತ ಬಡಿದು ಅಂದ್ರೋತ್, ಕಲ್ಪೇನಿಗಳ ತೆಂಗು ನೆಲಕ್ಕೊರಗಿತು. ಪರಿಹಾರಕ್ಕೆಂದು ಕಂಪನಿ ಸಾಲ ಕೊಟ್ಟಿತು. ಅಧಿಕಾರಿ ರಾಬಿನ್‌ಸನ್ ಹೋಗಿ ನೋಡಿ ವರದಿ ಬರೆದ. ಸಾಲ ಬೆಳೆಯಿತು, ಕಪ್ಪ ಬಾಕಿಯಾಯಿತು. 1854ರಲ್ಲಿ ದ್ವೀಪಗಳು ಜಫ್ತಿಯಾದವು. ಮುಂದೆ ಒಮ್ಮೆ ಬಿಟ್ಟುಕೊಟ್ಟು, 1875ರಲ್ಲಿ ಮತ್ತೆ ವಶಪಡಿಸಿಕೊಂಡರು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಅವು ಕಾಗದದ ಮೇಲೂ ಬ್ರಿಟಿಷರವಾದವು.

ಈ ಕೈಬದಲಾವಣೆಯಲ್ಲಿ ಒಂದು ಪದ ಉಳಿದುಕೊಂಡಿತು. ಅದು 'ಪಂಡಾರ'. ಭಂಡಾರ, ಅಂದರೆ ಅರಸನ ಬೊಕ್ಕಸ. ಅರಕ್ಕಲ್ ಮನೆತನ ತನ್ನದೆಂದು ಸಾಧಿಸಿಕೊಂಡಿದ್ದ ನೆಲಕ್ಕೆಲ್ಲ ಪಂಡಾರ ಭೂಮಿ ಎಂಬ ಹೆಸರು. ಬ್ರಿಟಿಷರು ಬಂದಾಗ ಅದು ಸರ್ಕಾರದ ಭೂಮಿಯಾಯಿತು. ಪಾಳುಬಿದ್ದಿದ್ದ ಆ ನೆಲವನ್ನು ಅವರು ಕೌಲಿನ ಮೇಲೆ ದ್ವೀಪದವರಿಗೇ ಕೊಟ್ಟು ತೆಂಗು ನೆಡಿಸಿದರು. ನೆಟ್ಟವರು, ನೀರೆರೆದವರು, ಇಲಿ ಹಿಡಿದು ಮರ ಕಾಯ್ದವರು, ತಲೆಮಾರುಗಳ ಕಾಲ ಫಲ ತಿಂದವರು ದ್ವೀಪದ ಕುಟುಂಬಗಳು. ಕಾಗದದಲ್ಲಿ ಮಾತ್ರ ಪಂಡಾರ ಎಂಬ ಪದ ಹಾಗೆಯೇ ಇತ್ತು. ಈ ಪದ ಮುಂದೆ ಮತ್ತೆ ಬರುತ್ತದೆ.

ನೆಲದ ಬಗ್ಗೆ ದ್ವೀಪದವರ ಲೆಕ್ಕಾಚಾರ ಹೊರಗಿನ ಕಚೇರಿಗಳದ್ದಕ್ಕಿಂತ ಬೇರೆ. ಅಲ್ಲಿ ಆಸ್ತಿಗೆ ವಾರದ ಹೆಸರುಗಳಿವೆ. ತಾಯಿಯ ಕಡೆಯಿಂದ ಬಂದ ತರವಾಡಿನ ಕೂಡು ಆಸ್ತಿ ಶುಕ್ರವಾರದ ಸೊತ್ತು. ಸ್ವಂತ ಗಳಿಕೆಯದು ಸೋಮವಾರದ ಸೊತ್ತು. ಸೋಮವಾರದ್ದು ಶರೀಅತ್ ಪ್ರಕಾರ ಹಂಚಿಕೆಯಾಗುತ್ತದೆ. ಶುಕ್ರವಾರದ್ದು ಹೆಣ್ಣುಮಕ್ಕಳ ಸಂತತಿಯಲ್ಲೇ ಉಳಿಯಬೇಕು, ಒಬ್ಬ ಮಾರಲಾರ. ಮುಸ್ಲಿಮರಲ್ಲಿ ಅಳಿಯಕಟ್ಟು ಹೇಗೆ ಎಂದು ಹುಬ್ಬೇರಿಸುವವರಿದ್ದಾರೆ. ಸಮಾಜಶಾಸ್ತ್ರಜ್ಞೆ ಲೀಲಾ ದುಬೆ ಕಲ್ಪೇನಿಯನ್ನು ಆಧರಿಸಿ 1969ರಲ್ಲಿ ಪ್ರಕಟಿಸಿದ ಪುಸ್ತಕ ಇದೇ ವಿಷಯದ್ದು. ಇಂಥ ವ್ಯವಸ್ಥೆಯಿದ್ದುದರಿಂದ ದ್ವೀಪದ ಹೆಣ್ಣಿಗೆ ಕಾಲ ಕೆಳಗೆ ನೆಲವಿತ್ತು. ಸ್ವಾತಂತ್ರ್ಯದ ನಂತರ ಕಾನೂನೂ ಒಂದಷ್ಟು ಕಾವಲು ನಿಂತಿತು. 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾದಾಗ, ತಾವೂ ತಮ್ಮ ತಂದೆತಾಯಿಗಳಿಬ್ಬರೂ ದ್ವೀಪದಲ್ಲಿ ಹುಟ್ಟಿದವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅಂದರೆ ಅಲ್ಲಿನ ಶೇ. 94ಕ್ಕೂ ಹೆಚ್ಚು ಜನ. 1965ರ ಭೂ ನಿಯಮ ಹೊರಗಿನವರಿಗೆ ನೆಲ ಮಾರುವುದನ್ನು ಬಿಗಿಗೊಳಿಸಿತು. 1967ರ ನಿಯಮದಂತೆ ಹೊರಗಿನವರು ಕಾಲಿಡಲು ಪರವಾನಗಿ ಬೇಕಾಯಿತು. 2011ರ ಜನಗಣತಿಯ ಪ್ರಕಾರ ಒಟ್ಟು 32 ಚದರ ಕಿಲೋಮೀಟರ್ ನೆಲದಲ್ಲಿ 64,473 ಜನ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಆ ನಿಯಮಗಳು ಯಾಕೆ ಬೇಕಾದವೆಂದು ತಿಳಿಯುತ್ತದೆ.

ಪ್ರವಾಸಿ ಬಂದದ್ದು 1974ರಲ್ಲಿ, ಬಂಗಾರಂ ಎಂಬ ಪುಟ್ಟ ದ್ವೀಪಕ್ಕೆ. ಜನವಸತಿಯಿಲ್ಲದ ದ್ವೀಪವೆಂದು ಅದನ್ನು ವಿದೇಶೀಯರಿಗೆ ತೆರೆದರು. ಮದ್ಯನಿಷೇಧದಿಂದಲೂ ಅದಕ್ಕೆ ವಿನಾಯಿತಿ ಸಿಕ್ಕಿತು. ಪ್ರವಾಸಿಗಳು ಒಂದು ಕಡೆ, ಊರು ಇನ್ನೊಂದು ಕಡೆ ಎಂಬ ಏರ್ಪಾಡು ಅದು. 1982ರಲ್ಲಿ ಪ್ರವಾಸ ನೋಡಿಕೊಳ್ಳಲು ಸರ್ಕಾರಿ ಸಂಸ್ಥೆಯೊಂದು ಹುಟ್ಟಿತು. 1987ರ ಕೊನೆಯಲ್ಲಿ ಪ್ರಧಾನಿ ರಾಜೀವ್ ಗಾಂಧಿ ಕುಟುಂಬ ಬಂಗಾರಂನಲ್ಲಿ ರಜೆ ಕಳೆದದ್ದು ಆಗ ದೊಡ್ಡ ಸುದ್ದಿ. ಅದರ ಬೆನ್ನಿಗೆ ಕೊಚ್ಚಿಯ ಹೋಟೆಲ್ ಸಮೂಹವೊಂದು ಅಲ್ಲಿ ರೆಸಾರ್ಟ್ ನಡೆಸತೊಡಗಿತು.

ಇಲ್ಲಿ 'ಜನವಸತಿಯಿಲ್ಲದ' ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಂಗಾರಂನಲ್ಲಿ ಮನೆಗಳಿರಲಿಲ್ಲ, ನಿಜ. ಆದರೆ ಅದು ಅಗತ್ತಿಯವರು ತೆಂಗು ಕೊಯ್ಯುವ, ಮೀನಿಗೆ ಹೋದಾಗ ತಂಗುವ ಜಾಗ. ಸುಹೇಲಿ ಹೀಗೆಯೇ ಕವರತ್ತಿಯವರದು. ಹಂಗಾಮಿನಲ್ಲಿ ದೋಣಿ ತೆಗೆದುಕೊಂಡು ಹೋಗಿ, ತಿಂಗಳುಗಟ್ಟಲೆ ಬೀಡುಬಿಟ್ಟು, ಮೀನು ಹಿಡಿದು, ಬೇಯಿಸಿ ಒಣಗಿಸಿ ತರುತ್ತಾರೆ. ನಮ್ಮ ಕಡೆ ಗೋಮಾಳದಲ್ಲಿ ಮನೆಗಳಿರುವುದಿಲ್ಲ. ಹಾಗೆಂದು ಗೋಮಾಳ ಯಾರದೂ ಅಲ್ಲ ಎಂದು ಯಾವ ರೈತ ಒಪ್ಪುತ್ತಾನೆ?

ಹುರಿಯ ಕಾಲ ಸರಿದ ಮೇಲೆ ದ್ವೀಪಗಳನ್ನು ಹಿಡಿದು ನಿಲ್ಲಿಸಿದ್ದು ಮೀನು, ಅದರಲ್ಲೂ ಸೂರೆ ಮೀನು. ಇದನ್ನು ಹಿಡಿಯುವ ರೀತಿಯನ್ನು ಕೊಂಚ ವಿವರಿಸಲೇಬೇಕು, ಯಾಕೆಂದರೆ ಇಡೀ ತಕರಾರಿನ ಗಂಟು ಇಲ್ಲಿದೆ. ದ್ವೀಪದ ಸುತ್ತ ಹವಳದ ದಂಡೆ ಇದೆ. ದಂಡೆಗೂ ತೀರಕ್ಕೂ ನಡುವೆ ಆಳವಿಲ್ಲದ, ಅಲೆಯಿಲ್ಲದ ಹಸಿರು ನೀರು, ಅಂದರೆ ಒಳಕಡಲು. ಬೆಳಗಾಗುವಾಗ ಮೀನುಗಾರರು ಮೊದಲು ಈ ಒಳಕಡಲಿನಲ್ಲಿ, ಹವಳದ ಸಂದುಗಳಲ್ಲಿ ಓಡಾಡುವ ಬೆರಳುದ್ದದ ಮೀನುಗಳನ್ನು ಬಲೆಯಲ್ಲಿ ಎತ್ತುತ್ತಾರೆ. ಅವನ್ನು ಸಾಯಗೊಡದೆ ದೋಣಿಯೊಳಗಿನ ನೀರಿನ ತೊಟ್ಟಿಯಲ್ಲಿ ಇಟ್ಟುಕೊಂಡು ಹೊರಕಡಲಿಗೆ ಹೋಗುತ್ತಾರೆ. ಸೂರೆಯ ಹಿಂಡು ಕಂಡಾಗ ಈ ಜೀವಂತ ಮೀನುಗಳನ್ನು ಎರಚಿ, ನೀರು ಚಿಮುಕಿಸುತ್ತಾರೆ. ಹಿಂಡು ಹುಚ್ಚೆದ್ದು ಮೇಲೆ ಬರುತ್ತದೆ. ದೋಣಿಯ ಹಿಂಬದಿಯಲ್ಲಿ ಸಾಲಾಗಿ ನಿಂತವರು ಗಳುವಿಗೆ ಕಟ್ಟಿದ ಕೊಕ್ಕೆಯಿಂದ ಒಂದೊಂದೇ ಮೀನನ್ನು ಎಳೆದು ಹಿಂದಕ್ಕೆ ಎಸೆಯುತ್ತಾರೆ. ದೊಡ್ಡ ಬಲೆಯಿಲ್ಲ, ಬೇಡದ ಜೀವಿ ಸಾಯುವುದಿಲ್ಲ. ಮಿನಿಕಾಯ್‌ನವರ ಈ ಹಳೆಯ ವಿದ್ಯೆ 1960ರ ದಶಕದಿಂದೀಚೆಗೆ ಮೀನುಗಾರಿಕೆ ಇಲಾಖೆಯ ಯಂತ್ರದೋಣಿಗಳ ಮೂಲಕ ಬೇರೆ ದ್ವೀಪಗಳಿಗೂ ಹಬ್ಬಿತು. ಹಿಡಿದ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗೆ ಒಣಗಿಸಿದರೆ ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಅದೇ 'ಮಾಸ್'. ಬೇಯಿಸಿ ಒಣಗಿಸುವಲ್ಲಿ ಮತ್ತೆ ಹೆಂಗಸರ ಕೈ.

ಹಾಗಾಗಿ ಪ್ರವಾಸಿಯ ಕಣ್ಣಿಗೆ ಖಾಲಿ ಈಜುಕೊಳದಂತೆ ಕಾಣುವ ಒಳಕಡಲು ದ್ವೀಪದವನಿಗೆ ಗದ್ದೆ. ಅದರಲ್ಲಿ ಸಣ್ಣಮೀನು ಸಿಗದಿದ್ದರೆ ಹೊರಕಡಲಿನಲ್ಲಿ ಸೂರೆ ಎಷ್ಟಿದ್ದರೂ ಪ್ರಯೋಜನವಿಲ್ಲ.

2017ರಲ್ಲಿ ಕೇಂದ್ರ ಸರ್ಕಾರ ದ್ವೀಪಗಳ ಅಭಿವೃದ್ಧಿಗೆಂದು ಸಂಸ್ಥೆ ರಚಿಸಿತು. ನೀತಿ ಆಯೋಗ ಯೋಜನೆ ತಯಾರಿಸಿತು. ಮಾಲ್ದೀವ್ಸ್ ಮಾದರಿ ಎಂಬ ಮಾತು ಆಗಿನಿಂದಲೇ ಚಲಾವಣೆಗೆ ಬಂತು. ಒಳಕಡಲಿನಲ್ಲಿ ಕಂಬ ನೆಟ್ಟು ನೀರಿನ ಮೇಲೆ ಬಂಗಲೆ ಕಟ್ಟುವ ಯೋಜನೆಗೆ 2021ರಲ್ಲಿ ಟೆಂಡರು ಕರೆದರು. ಮಿನಿಕಾಯ್, ಸುಹೇಲಿ, ಕಡಮತ್ ಮೂರೂ ಸೇರಿ ಸುಮಾರು 800 ಕೋಟಿ ರೂಪಾಯಿಯ ಲೆಕ್ಕ. 2023ರ ಜನವರಿಯಲ್ಲಿ ಟಾಟಾ ಸಮೂಹದ ಹೋಟೆಲ್ ಕಂಪನಿ ಸುಹೇಲಿಯಲ್ಲಿ 110, ಕಡಮತ್‌ನಲ್ಲಿ 110 ಕೋಣೆಗಳ ರೆಸಾರ್ಟ್ ಕಟ್ಟುವುದಾಗಿ ಪ್ರಕಟಿಸಿತು. ಸುಹೇಲಿಯಲ್ಲಿ 50, ಕಡಮತ್‌ನಲ್ಲಿ 35 ಬಂಗಲೆಗಳು ನೀರಿನ ಮೇಲೆ. ಕಡಮತ್ ಸುಮಾರು ಒಂಬತ್ತು ಕಿಲೋಮೀಟರ್ ಉದ್ದ, ಅಗಲ ಎಲ್ಲೂ ಒಂದು ಕಿಲೋಮೀಟರ್ ಕೂಡ ಇಲ್ಲ. 2011ರಲ್ಲಿ ಅಲ್ಲಿ 5,404 ಜನರಿದ್ದರು.

ಮಾಲ್ದೀವ್ಸ್ ಮಾದರಿ ಎನ್ನುವವರು ಒಂದು ವಿಷಯ ಮರೆಯುತ್ತಾರೆ. ಅಲ್ಲಿ 1972ರಲ್ಲಿ ಮೊದಲ ರೆಸಾರ್ಟ್ ತೆರೆದಾಗಿನಿಂದ ದ್ವೀಪಗಳನ್ನು ಗುತ್ತಿಗೆಗೆ ಕೊಟ್ಟು ಬಂದ ಹಣ ಅವರದೇ ಸರ್ಕಾರದ ಖಜಾನೆಗೆ ಹೋಗುತ್ತದೆ. ಅವರಿಗೆ ಸಾವಿರಕ್ಕೂ ಮೀರಿ ದ್ವೀಪಗಳಿವೆ, ಸ್ವಂತ ಪಾರ್ಲಿಮೆಂಟಿದೆ. ಅಷ್ಟಿದ್ದೂ ಲಾಭದ ಬಹುಪಾಲು ರೆಸಾರ್ಟ್ ಒಡೆಯರ ಕೈಯಲ್ಲೇ ಉಳಿಯಿತೆಂಬ ಅಸಮಾಧಾನ ಬೆಳೆದು, 2009ರ ನಂತರ ಜನರಿರುವ ದ್ವೀಪಗಳಲ್ಲಿ ಸಣ್ಣ ಅತಿಥಿಗೃಹ ನಡೆಸಲು ಊರವರಿಗೆ ಅವಕಾಶ ಕೊಡಬೇಕಾಯಿತು. 2022ರ ಜನಗಣತಿಯಲ್ಲಿ ಅಲ್ಲಿನ ನಿವಾಸಿಗಳಲ್ಲಿ ಕಾಲುಭಾಗ ಹೊರದೇಶದವರು. ಹೆಚ್ಚಿನವರು ದುಡಿಯಲು ಬಂದವರು. ಲಕ್ಷದ್ವೀಪಕ್ಕೆ ವಿಧಾನಸಭೆಯಿಲ್ಲ. ಒಬ್ಬ ಸಂಸದ, ದಿಲ್ಲಿಯಿಂದ ಬರುವ ಒಬ್ಬ ಆಡಳಿತಾಧಿಕಾರಿ, ಮತ್ತೆ ಪಂಚಾಯತಿಗಳು. ಸುಪ್ರೀಂ ಕೋರ್ಟ್ 2012ರಲ್ಲಿ ನೇಮಿಸಿದ ನ್ಯಾಯಮೂರ್ತಿ ರವೀಂದ್ರನ್ ಸಮಿತಿ, ಯಾವ ಯೋಜನೆಗೂ ಮುನ್ನ ಚುನಾಯಿತ ಪಂಚಾಯತಿಗಳ ಜೊತೆ ಸಮಾಲೋಚಿಸಬೇಕೆಂದು ಹೇಳಿತ್ತು. 2023ರ ಆರಂಭದಲ್ಲಿ ಆ ಪಂಚಾಯತಿಗಳ ಅವಧಿ ಮುಗಿಯಿತು. ಅದರ ನಂತರ ಚುನಾವಣೆಯಿಲ್ಲದೆಯೇ ವರ್ಷಗಳು ಕಳೆದವು. ಸಮಾಲೋಚಿಸಲು ಯಾರೂ ಇಲ್ಲದಂತೆ ಮಾಡಿ, ಯಾರೂ ಆಕ್ಷೇಪಿಸಲಿಲ್ಲ ಎಂದು ಬರೆದುಕೊಳ್ಳುವುದು ಸುಲಭ.

2021 ದ್ವೀಪದವರಿಗೆ ಮರೆಯಲಾಗದ ವರ್ಷ. ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಬಂತು. ಯಾವ ನೆಲವನ್ನಾದರೂ ಯೋಜನಾ ಪ್ರದೇಶವೆಂದು ಗುರುತಿಸುವ ಅಧಿಕಾರ ಅದರಲ್ಲಿತ್ತು. ಸಣ್ಣ ಅಪರಾಧಕ್ಕೂ ವಿಚಾರಣೆಯಿಲ್ಲದೆ ಬಂಧಿಸುವ ಕಾನೂನಿನ ಕರಡು ಬಂತು. ಅಪರಾಧವೇ ಅಪರೂಪವಾದ ಊರಿಗೆ ಇದು ಯಾಕೆಂದು ಎಲ್ಲರೂ ಕೇಳಿದರು. ದಂಡೆಯಲ್ಲಿ ಬಲೆ, ದೋಣಿಯ ಸಾಮಾನು ಇಡಲು ಮೀನುಗಾರರು ಕಟ್ಟಿಕೊಂಡಿದ್ದ ಓಲೆಯ ಗುಡಿಸಲುಗಳನ್ನು ಕರಾವಳಿ ನಿಯಮದ ಉಲ್ಲಂಘನೆಯೆಂದು ಕೆಡವಿದರು. ಅದೇ ದಂಡೆಗಳಲ್ಲಿ ರೆಸಾರ್ಟಿನ ನಕ್ಷೆ ತಯಾರಾಗುತ್ತಿತ್ತು. ಪ್ರವಾಸೋದ್ಯಮವೂ ಸೇರಿ ಹಲವು ಇಲಾಖೆಗಳ ದಿನಗೂಲಿಯ ಜನರನ್ನು ಮನೆಗೆ ಕಳಿಸಿದರು. ಪ್ರವಾಸದಿಂದ ಉದ್ಯೋಗ ಎನ್ನುತ್ತಿದ್ದ ಹೊತ್ತಿನಲ್ಲೇ ಪ್ರವಾಸದ ಉದ್ಯೋಗದಿಂದ ದ್ವೀಪದ ಹುಡುಗರು ಹೊರಬಿದ್ದರು. ಜೂನ್ 7ರಂದು ಇಡೀ ದ್ವೀಪಸಮೂಹ ಹನ್ನೆರಡು ಗಂಟೆ ಉಪವಾಸ ಕೂತಿತು.

ದ್ವೀಪದವರು ಪ್ರವಾಸಿಯನ್ನೇ ಬೇಡ ಎನ್ನುತ್ತಾರೆಂದು ಯಾರೂ ತಿಳಿಯಬಾರದು. ಓದಿದ ಹುಡುಗರೆಲ್ಲ ಸರ್ಕಾರಿ ನೌಕರಿಗೆ ಕಾಯುವ ಊರು ಅದು. ಕಡಮತ್‌ನಲ್ಲಿ ಮುಳುಗುಗಾರಿಕೆ ಕಲಿಸುವ ಕೇಂದ್ರ ಹಿಂದಿನಿಂದಲೇ ಇದೆ. ಅಗತ್ತಿ, ಕವರತ್ತಿಗಳಲ್ಲಿ ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುವ ಕುಟುಂಬಗಳಿವೆ. ಬಂದವನಿಗೆ ಮನೆಯ ಹೆಂಗಸು ಸೂರೆ ಮೀನಿನ ಸಾರು ಬಡಿಸುತ್ತಾಳೆ, ಮಗ ಗಾಜಿನ ತಳದ ದೋಣಿಯಲ್ಲಿ ಹವಳ ತೋರಿಸುತ್ತಾನೆ, ಮೀನಿನ ಹಂಗಾಮಿನಲ್ಲಿ ಅವನೇ ಗಳು ಹಿಡಿಯುತ್ತಾನೆ. ಹಣ ಆ ಮನೆಯಲ್ಲೇ ಉಳಿಯುತ್ತದೆ. ನನ್ನ ತಕರಾರು ಪ್ರವಾಸಿಯೊಡನೆ ಅಲ್ಲ. ದರ ಬರೆಯುವ ಗುಮಾಸ್ತನೊಡನೆ. ಹುರಿಯ ಕಾಲದಲ್ಲೂ ಯಾರೂ ದ್ವೀಪದವರ ಹುರಿಯನ್ನು ಬೇಡ ಎನ್ನಲಿಲ್ಲ. ಎಲ್ಲರಿಗೂ ಅದು ಬೇಕಿತ್ತು. ಎಷ್ಟಕ್ಕೆ, ಯಾರ ಮೂಲಕ ಎಂಬುದನ್ನು ಮಾತ್ರ ಅವರು ಹೇಳುವಂತಿರಲಿಲ್ಲ.

ನೀರಿನ ಸಂಗತಿಯೂ ಇದೆ. ಮಳೆನೀರು ಇಳಿದು ಉಪ್ಪುನೀರಿನ ಮೇಲೆ ತೇಲುವ ತೆಳು ಪದರವೇ ಅವರ ಬಾವಿಗಳ ಸಿಹಿನೀರು. ಹೆಚ್ಚು ಎತ್ತಿದರೆ ಉಪ್ಪಾಗುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂತು. ದಿನಕ್ಕೆ ಒಂದು ಲಕ್ಷ ಲೀಟರ್. ಊರಿನ ಎಲ್ಲರಿಗೆ ಹಂಚಿದರೆ ತಲೆಗೆ ಒಂದು ಬಕೆಟ್ಟೂ ಬಾರದು. ಇನ್ನು ಹವಳ. 1998, 2010, 2016, ಮತ್ತೆ 2024ರಲ್ಲಿ ಕಡಲು ಬಿಸಿಯಾಗಿ ಹವಳ ಬಿಳಿಚಿಕೊಂಡಿತು. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ಎರಡು ದಶಕಕ್ಕೂ ಮೀರಿ ಅಳೆದವರ ಪ್ರಕಾರ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆ. ಇದಕ್ಕೆ ಪ್ರವಾಸಿ ಕಾರಣನಲ್ಲ. ಆದರೆ ಅಲೆ ತಡೆಯುವ ಗೋಡೆಯೂ ಅದೇ, ಸಣ್ಣಮೀನಿನ ಮನೆಯೂ ಅದೇ. ಕಾಯಿಲೆ ಬಿದ್ದವನ ಎದೆಯ ಮೇಲೆ ಕಂಬ ನೆಡುವ ಮುಂಚೆ ಒಮ್ಮೆ ಯೋಚಿಸಬಹುದಿತ್ತು.

ಪಂಡಾರ ಎಂಬ ಪದ ಮತ್ತೆ ಬರುತ್ತದೆ ಎಂದಿದ್ದೆ. ಅದು ಬಂದದ್ದು 2024ರಲ್ಲಿ. ಪಂಡಾರ ಭೂಮಿಯೆಲ್ಲ ಸರ್ಕಾರದ್ದು, ಅದನ್ನು ವಶಕ್ಕೆ ತೆಗೆದುಕೊಳ್ಳಬೇಕು ಎಂದು ಆಡಳಿತ ಆದೇಶ ಹೊರಡಿಸಿತು. ಒಮ್ಮೆ ಅರಕ್ಕಲ್ ಕೈಯಲ್ಲಿದ್ದ ಅವೇ ದಕ್ಷಿಣದ ದ್ವೀಪಗಳು. ಅಳತೆಗೆ ಬಂದವರ ಎದುರು ಜನ ನಿಂತರು, ಹೆಂಗಸರೂ ಇದ್ದರು. ಅಜ್ಜಿಯ ಅಜ್ಜಿ ನೆಟ್ಟ ತೆಂಗಿನ ಬುಡದಲ್ಲಿ ನಿಂತು ಇದು ನಮ್ಮದೆಂದು ಹೇಳಲು ಕಾಗದ ಬೇಕಾಯಿತು. 1965ರ ನಿಯಮ ಸಾಗುವಳಿದಾರರಿಗೆ ಕೊಟ್ಟ ಹಕ್ಕನ್ನು ನೆಚ್ಚಿಕೊಂಡು ಅವರು ಕೇರಳ ಹೈಕೋರ್ಟಿಗೆ ಹೋದರು. ನ್ಯಾಯಾಲಯ ಮಧ್ಯಂತರ ರಕ್ಷಣೆ ಕೊಟ್ಟಿತು.

ಹೈಕೋರ್ಟು ಇರುವುದು ಕೊಚ್ಚಿಯಲ್ಲಿ. ಕವರತ್ತಿಯಿಂದ ನಾನೂರು ಕಿಲೋಮೀಟರ್ ಕಡಲು ದಾಟಬೇಕು. 2022-23ರಲ್ಲಿ ಹಡಗುಗಳು ಒಂದೊಂದಾಗಿ ದುರಸ್ತಿಗೆಂದು ನಿಂತಾಗ, ಆಸ್ಪತ್ರೆಗೆ ಹೋಗುವವರಿಗೂ ಪರೀಕ್ಷೆಗೆ ಹೋಗುವ ಮಕ್ಕಳಿಗೂ ಟಿಕೆಟ್ಟು ಸಿಗದೆ ದಿನಗಟ್ಟಲೆ ಕಾಯಬೇಕಾಗಿತ್ತು. ಅಮಿನಿಯವರು ಟಿಪ್ಪುವಿನ ಬಳಿಗೆ ಹೊರಟಾಗ ಓಡಂ ಅವರದೇ ಇತ್ತು, ಹೊಲಿದ ಹುರಿಯೂ ಅವರದೇ. ನಮ್ಮ ಬಳಗದ ಹುಡುಗ ಕೊನೆಗೆ ಲಕ್ಷದ್ವೀಪಕ್ಕೆ ಹೋಗಲಿಲ್ಲ. ಪರವಾನಗಿ ಬೇಕೆಂದು ತಿಳಿದು ಬೇಸರಗೊಂಡು ಗೋವಾಕ್ಕೆ ಹೋಗಿ ಬಂದ. "ನಮ್ಮ ದೇಶದೊಳಗೇ ಹೋಗಲು ಪರ್ಮಿಟ್ ಯಾಕೆ ಮಾಮೂ?" ಎಂದು ಕೇಳಿದ. ಅವನಿಗೆ ಉತ್ತರ ಕೊಡಲು ಕೂತದ್ದು ಇಷ್ಟು ಉದ್ದವಾಯಿತು.